ಒಂದು ಕೆಂಪು, ಎರಡು ಹಸಿರು

ಹೊಸೂರು ರಸ್ತೆಯ ಹಾರ್ನ್ ಗದ್ದಲ ದಾಟಿ ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಂ ಹೊಕ್ಕರೆ ಸಾಲುಸಾಲಾಗಿ ಮನುಷ್ಯರ ಮಿದುಳುಗಳು. ಕೈಗವಸು ತೊಟ್ಟು ಒಂದನ್ನು ಎತ್ತಿಕೊಳ್ಳುತ್ತೇನೆ. ನನ್ನ ತಲೆಯೊಳಗಿರುವುದೂ ಇಷ್ಟೇನಾ! ಗಡ್ಡೆ ಬೆಳೆದ ಮಿದುಳಿನ ಮುಂದೆ ಮಾತ್ರ ಕಾಲು ಕೀಳಲಾಗುವುದಿಲ್ಲ. ಇಂಥದ್ದರ ಒಳಹೊಕ್ಕು, ವರ್ಣತಂತುಗಳವರೆಗೂ ಹೋಗಿಬರುವ ಆಸೆ.

ದಾರಿ ತೋರಿಸಿದವರು ಊರಿನ ಇನ್ನೊಂದು ತುದಿಯ ಲ್ಯಾಬೊಂದರ ಪೆಥಾಲಜಿ ಡಾಕ್ಟರಮ್ಮ. ಮೈಕ್ರೊಸ್ಕೋಪಿಗೆ ಕಣ್ಣಿಟ್ಟರೆ ಮೊದಲು ಕಂಡದ್ದು ನನ್ನದೇ ರೆಪ್ಪೆಗೂದಲು. ಕನ್ನಡಕ ಹಾಕಿದರೂ ಕಷ್ಟ, ತೆಗೆದರೂ ಕಷ್ಟ. ಆಮೇಲೆ ಕಾಣುತ್ತದೆ ಆಲಿಗೊಡೆಂಡ್ರೊಗ್ಲಿಯೋಮಾ ಎಂಬ ಗಡ್ಡೆಯ ಲೋಕ. ನಡುವೆ ದುಂಡನೆಯ ಕೋಶಕೇಂದ್ರ, ಸುತ್ತ ಬಿಳಿ ಬಯಲು: ತಳ್ಳುಗಾಡಿಯ ಕಾವಲಿ ಮೇಲಿನ ಹಾಫ್ ಬಾಯ್ಲ್‌ಗಳೇ! "ಆ ಬಿಳಿ ಸುತ್ತು ನಿಜದ್ದಲ್ಲ ಸಾರ್, ಫಾರ್ಮಲಿನ್‌ನಲ್ಲಿ ಇಟ್ಟು ಸಂಸ್ಕರಿಸುವಾಗ ಆಗೋದು" ಎಂದು ಅವರು ನಗುತ್ತಾರೆ.

ಮುಂದಿನದು ವರ್ಣತಂತುವಿನ ತುಣುಕುಗಳಿಗೆ ಹೊಳೆಯುವ ಬಣ್ಣ ಅಂಟಿಸಿ ನೋಡುವ ಫಿಶ್ ಪರೀಕ್ಷೆಯ ಕೋಣೆ. ದೀಪ ಆರಿಸಿದ್ದಾರೆ, ಸ್ಟೂಲು ನನ್ನ ಮೊಣಕಾಲನ್ನು ಹುಡುಕಿಕೊಂಡು ಬಂದು ಬಡಿಯುತ್ತದೆ. ಮಸೂರದಡಿ ಕಗ್ಗತ್ತಲು, ಅದರಲ್ಲಿ ನೀಲಿ ಕೋಶಕೇಂದ್ರಗಳು, ಅವುಗಳೊಳಗೆ ಬಣ್ಣದ ಚುಕ್ಕಿಗಳು. ಹಸಿರು 1ನೇ ವರ್ಣತಂತುವಿನ ಉದ್ದ ತೋಳಿನದು, ಕೆಂಪು ಗಿಡ್ಡ ತೋಳಿನದು. ಸರಿಯಿರುವ ಕೋಶದಲ್ಲಿ ಎರಡೆರಡು ಇರಬೇಕು. ಇಲ್ಲಿ ಹಸಿರು ಎರಡು, ಕೆಂಪು ಒಂದೇ! ಪಕ್ಕದ್ದರಲ್ಲಿ? ಅಲ್ಲೂ ಒಂದೇ. ತೆಳ್ಳಗೆ ಕೊಯ್ಯುವಾಗ ಕೋಶಕೇಂದ್ರವೇ ತುಂಡಾಗಿ ಚುಕ್ಕಿ ತಪ್ಪಿಹೋಗುವುದೂ ಉಂಟು. ಅದಕ್ಕೇ ಬಹಳಷ್ಟು ಕೋಶ ಎಣಿಸಬೇಕಂತೆ. ಅಷ್ಟರಲ್ಲಿ ನನ್ನ ಕತ್ತು ಹಿಡಿದುಕೊಂಡಿತ್ತು.

ಇನ್ನೊಂದು ಸ್ಲೈಡಿನಲ್ಲಿ 19ನೇ ವರ್ಣತಂತು. ಇಲ್ಲಿ ಕಾಣೆಯಾದದ್ದು ಉದ್ದ ತೋಳು. 1 ಮತ್ತು 19 ತೋಳು ಅದಲುಬದಲು ಮಾಡಿಕೊಳ್ಳುತ್ತವೆ; ಹೀಗೆ ಹುಟ್ಟಿದ ಎರಡು ಜೋಡಣೆಗಳಲ್ಲಿ ಒಂದು ಕೋಶದಿಂದಲೇ ಹೊರಟುಹೋಗುತ್ತದೆ. ಎರಡು ನಷ್ಟವೂ ಒಟ್ಟಿಗೇ.

ನಮ್ಮಲ್ಲಿ ಕಳೆದುಕೊಂಡವರು ಕೊರಗುತ್ತಾರೆ. ಈ ಗಡ್ಡೆಯ ಲೋಕದ ಲೆಕ್ಕ ತಿರುಗುಮುರುಗು. ಈ ನಷ್ಟವಿರುವ ಗಡ್ಡೆಗಳೇ ಕೀಮೋಗೆ ಚೆನ್ನಾಗಿ ಬಗ್ಗುತ್ತವೆಂದು 1998ರಲ್ಲಿ ಕೆನಡಾದ ಗ್ರೆಗರಿ ಕೇರ್ನ್‌ಕ್ರಾಸ್ ಮತ್ತು ಸಂಗಡಿಗರು ತೋರಿಸಿದರು. 2013ರಲ್ಲಿ ಪ್ರಕಟವಾದ ದೀರ್ಘಾವಧಿ ಅಧ್ಯಯನದಲ್ಲಿ, ಎರಡೂ ತೋಳು ಕಳೆದ ಗಡ್ಡೆಯವರಿಗೆ ಬರೀ ರೇಡಿಯೇಷನ್ ಕೊಟ್ಟಾಗ ಮಧ್ಯಾಂಕ ಆಯುಸ್ಸು 7.3 ವರ್ಷ, ಕೀಮೋ ಸೇರಿದಾಗ 14.7. ಹಾಗೆಂದು ಎಲ್ಲ ನಷ್ಟವೂ ಶುಭವಲ್ಲ. ಗ್ಲಿಯೋಬ್ಲಾಸ್ಟೋಮಾ ಎಂಬ ಇನ್ನೊಂದು ಮಿದುಳು ಗಡ್ಡೆಯಲ್ಲಿ ಸಾಮಾನ್ಯವಾಗಿ 10ನೇ ವರ್ಣತಂತುವಿನ ಒಂದು ಪ್ರತಿ ಹೋಗಿರುತ್ತದೆ, ಆ ಗಡ್ಡೆಯೋ ತೀರಾ ನಿರ್ದಯಿ.

2016ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಿಂದೀಚೆಗೆ ಆಲಿಗೊಡೆಂಡ್ರೊಗ್ಲಿಯೋಮಾ ಎನ್ನಲು ಹಾಫ್ ಬಾಯ್ಲ್ ರೂಪವೊಂದೇ ಸಾಲದು. ಐಡಿಎಚ್ ವಂಶವಾಹಿಯ ಬದಲಾವಣೆಯ ಜೊತೆ ಈ ಜೋಡಿ ನಷ್ಟವೂ ಕಾಣಬೇಕು. ನಿಮ್ಮವರ ಬಯಾಪ್ಸಿ ರಿಪೋರ್ಟಿನಲ್ಲಿ ಈ ಉದ್ದ ಹೆಸರಿದ್ದರೆ, 1ಪಿ/19ಕ್ಯೂ (1ರ ಗಿಡ್ಡ ತೋಳು, 19ರ ಉದ್ದ ತೋಳು) ನೋಡಿದ್ದಾರೆಯೇ ಎಂದು ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ.