ಹುಟ್ಟು ಹಿಡಿದ ಕೈಯ ಅರ್ಹತೆ

ತುಂಗಭದ್ರೆಯ ಹರಿಗೋಲು, ಅಂದರೆ ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹೊರಮೈಗೆ ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರುಗಳನ್ನೂ ಹೊದಿಸುವ ದುಂಡನೆಯ ದೋಣಿ, ನೀರಿನ ಮೇಲೆ ತೇಲುವ ವಾಹನಗಳಲ್ಲಿ ಅತ್ಯಂತ ಸರಳವಾದದ್ದು, ಅಷ್ಟೇ ಹಟಮಾರಿಯಾದದ್ದು. ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ನೀರನ್ನು ಸೀಳುವ ಮೂತಿಯಿಲ್ಲ, ಚುಕ್ಕಾಣಿಯಂತೂ ಇಲ್ಲವೇ ಇಲ್ಲ. ಹೊಳೆಗೆ ಇಳಿಸಿದೊಡನೆ ಗಿರಕಿ ಹೊಡೆಯುವುದೇ ಅದರ ಸಹಜ ಗುಣ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ನದಿಯ ಕೆಳಹರಿವಿನಲ್ಲಿ ಬುಟ್ಟಿಯಂಥ ಈ ದೋಣಿಗಳನ್ನು ಗಮನಿಸಿ, ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆಂದೂ ನೆಟ್ಟಗೆ ಸಾಗಲಾರದೆ ತಿರುಗುತ್ತಲೇ ಇರುತ್ತವೆಂದೂ ಬರೆದಿಟ್ಟಿದ್ದಾನೆ. ಐನೂರು ವರ್ಷಗಳಲ್ಲಿ ಹೊದಿಕೆ ಬದಲಾಗಿದೆ; ತಿರುಗುವ ಚಾಳಿ ಹಾಗೆಯೇ ಉಳಿದಿದೆ.

ಈ ಚಾಳಿಯನ್ನು ಒಂದೇ ಒಂದು ಹುಟ್ಟಿನಿಂದ ಹದಕ್ಕೆ ತರುವುದರಲ್ಲಿಯೇ ಅಂಬಿಗನ ವಿದ್ಯೆಯ ಸೊಗಸೆಲ್ಲ ಅಡಗಿದೆ. ಹುಟ್ಟನ್ನು ಪಕ್ಕಕ್ಕೆ ಹಾಕಿ ಮೀಟಿದರೆ ಹರಿಗೋಲು ಬುಗುರಿಯಾಗುತ್ತದೆ. ಆದ್ದರಿಂದ ಬಲ್ಲವನು ಹೋಗಬೇಕಾದ ದಿಕ್ಕಿಗೆ ಮುಖಮಾಡಿ ಕುಳಿತು, ಹುಟ್ಟನ್ನು ತನ್ನ ಎದುರಿಗೇ ನೀರಿಗೆ ಊರಿ, ಮೊದಲು ಒಂದು ಮಗ್ಗುಲಿಗೂ ಬಳಿಕ ಇನ್ನೊಂದು ಮಗ್ಗುಲಿಗೂ ಹೊರಳಿಸುತ್ತ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ, ದೋಣಿ ಹುಟ್ಟಿನ ಬೆನ್ನು ಹಿಡಿದು ಬರುತ್ತದೆ. ಹೊರಡುವ ಮುನ್ನ ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು ದಡದಗುಂಟ ಮೇಲಕ್ಕೆ ನಡೆದು ಹೋಗುವುದು ವಾಡಿಕೆ, ಏಕೆಂದರೆ ಸೆಳವು ದೋಣಿಯನ್ನು ಎಷ್ಟು ದೂರ ಕೆಳಕ್ಕೆ ಒಯ್ಯುತ್ತದೆಯೋ ಅಷ್ಟು ದೂರ ಮೇಲಿನಿಂದ ಬಿಟ್ಟರೆ ಮಾತ್ರ ಎದುರು ದಡದ ಬಯಸಿದ ಜಾಗ ಸಿಗುತ್ತದೆ. ಆ ದೂರವನ್ನು ಅಳೆದು ಹೇಳುವ ಉಪಕರಣವಿಲ್ಲ. ಜೂನ್ ತಿಂಗಳ ಕೆಂಪು ನೀರಿಗೆ ಒಂದು ಲೆಕ್ಕ, ಮಾಘಮಾಸದ ತಿಳಿನೀರಿಗೆ ಇನ್ನೊಂದು ಲೆಕ್ಕ. ನೀರಿನ ಮೈಮೇಲೆ ತೆರೆಗಳು ಕೆಳಮುಖವಾಗಿ ಚೂಪಾಗಿದ್ದರೆ ಎರಡು ಬಂಡೆಗಳ ನಡುವೆ ದಾರಿಯಿದೆ, ಚೂಪು ಮೇಲ್ಮುಖವಾಗಿದ್ದರೆ ಅಲ್ಲಿಯೇ ಬಂಡೆ ಕುಳಿತಿದೆ. ಸಣ್ಣ ಸುಕ್ಕುಗಳು ಪುಟಿಯುತ್ತಿದ್ದರೆ ತಳ ಮೇಲಿದೆ, ನಡುವೆ ಒಂದೆಡೆ ಕಪ್ಪಾಗಿ ಸುಮ್ಮನಿದ್ದರೆ ಅದು ಮಡು, ಅಂದರೆ ಬೇಸಿಗೆಯಲ್ಲೂ ಬತ್ತದ ಆಳದ ಗುಂಡಿ. ಈ ಓದು ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿದ ಮೇಲಿನ ಇಡೀ ನದಿಗೆ ಅನ್ವಯಿಸುವಂಥದ್ದಲ್ಲ, ಅಂಬಿಗನಿಗೆ ತನ್ನ ಕಡವು, ಅಂದರೆ ಹೊಳೆ ದಾಟುವ ಗೊತ್ತಾದ ಜಾಗ, ಎಷ್ಟು ಗೊತ್ತೋ ಪಕ್ಕದ ಊರಿನ ಕಡವು ಅಷ್ಟು ಗೊತ್ತಿರುವುದಿಲ್ಲ.

ಜಗತ್ತಿನ ದೊಡ್ಡ ಬಂದರುಗಳಲ್ಲಿ ಪೈಲಟ್ ಎಂದು ಕರೆಸಿಕೊಳ್ಳುವವನ ವಿದ್ಯೆಯೂ ಮೂಲತಃ ಇಂಥದ್ದೇ. ಸಮುದ್ರಗಳನ್ನು ದಾಟಿ ಬಂದ ಹಡಗಿನ ಕ್ಯಾಪ್ಟನ್‌ಗೆ ಕಡಲು ಗೊತ್ತು, ಆ ಬಂದರಿನ ಬಾಯಿ ಗೊತ್ತಿಲ್ಲ. ಆದ್ದರಿಂದ ಅಲ್ಲಿನ ಮರಳು ದಿಬ್ಬ, ಉಬ್ಬರವಿಳಿತ, ತಿರುವುಗಳನ್ನು ಅರೆದು ಕುಡಿದ ಸ್ಥಳೀಯನೊಬ್ಬ ಹಡಗನ್ನೇರಿ ದಾರಿ ತೋರುತ್ತಾನೆ, ಹೊಣೆ ಮಾತ್ರ ಕ್ಯಾಪ್ಟನ್‌ನದಾಗಿಯೇ ಉಳಿಯುತ್ತದೆ. ಭಾರತದ 1908ರ ಬಂದರು ಕಾಯಿದೆಯು, ತನ್ನ ಆ ಕಲಮು ಅನ್ವಯವಾದ ಬಂದರುಗಳಲ್ಲಿ, 200 ಟನ್ ಮತ್ತು ಅದಕ್ಕೆ ಮೀರಿದ ಹಡಗು ಪೈಲಟನಾಗಲಿ ಬಂದರಿನ ಅಧಿಕಾರಿಯಾಗಲಿ ಇಲ್ಲದೆ ಒಳಬರಕೂಡದು, ಹೊರಹೋಗಕೂಡದು ಎಂದು ವಿಧಿಸಿತ್ತು.

ಪೈಲಟನಾಗುವ ದಾರಿಗಳಲ್ಲಿ ಹರಿಗೋಲಿನ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು ಟಗ್‌ಬೋಟಿನ ದಾರಿ. ಟಗ್ ಎಂದರೆ ತನಗಿಂತ ಹತ್ತಾರು ಪಟ್ಟು ದೊಡ್ಡದಾದ ಹಡಗನ್ನೋ ಎಂಜಿನ್ ಇಲ್ಲದ ಸರಕು ದೋಣಿಯನ್ನೋ ಹಗ್ಗ ಕಟ್ಟಿ ಎಳೆಯುವ, ಮೂತಿಯಿಂದ ನೂಕುವ ಗಿಡ್ಡನೆಯ ಬಲಿಷ್ಠ ದೋಣಿ. ಎಳೆಯುವ ಹಗ್ಗ ಅಡ್ಡಲಾಗಿ ಬಿಗಿದರೆ ಟಗ್ಗೇ ಮಗುಚಿಕೊಳ್ಳುವ ಅಪಾಯವಿರುವುದರಿಂದ ಅದನ್ನು ನಡೆಸುವವನು ನೀರಿನ ಸೆಳವನ್ನೂ ಹಗ್ಗದ ಬಿಗಿತವನ್ನೂ ಒಟ್ಟಿಗೇ ಮೈಯಲ್ಲಿ ಹಿಡಿಯಬೇಕಾಗುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ ನಿಯಮಗಳಲ್ಲಿ ಈ ಅನುಭವಕ್ಕೆ ಸಲ್ಲುವ ಗೌರವ ಗಮನಾರ್ಹವಾದದ್ದು. ಅಲ್ಲಿ ಪ್ರಥಮ ದರ್ಜೆಯ ಪೈಲಟ್ ಎಂಬ ಅನುಮೋದನೆ, ಅಂದರೆ ನಾವಿಕನ ಪ್ರಮಾಣಪತ್ರದ ಮೇಲೆ ಇಂಥ ನೀರಿಗೆ ಮಾತ್ರ ಎಂದು ನಮೂದಿಸುವ ಅಧಿಕಾರ ಬೇಕಾದವನು ಸಾಮಾನ್ಯವಾಗಿ 36 ತಿಂಗಳ ಡೆಕ್ ಸೇವೆಯನ್ನೂ ಅದರಲ್ಲಿ ಕನಿಷ್ಠ 18 ತಿಂಗಳು ಚುಕ್ಕಾಣಿಯ ಬಳಿಯ ಕಾವಲನ್ನೂ ತೋರಿಸಬೇಕು. ಬಳಿಕ ತಾನು ಬಯಸಿದ ಮಾರ್ಗದಲ್ಲಿ, ಆ ನೀರಿನ ಕಷ್ಟಕ್ಕೆ ತಕ್ಕಂತೆ, 12ರಿಂದ 20 ಸಲ ಹೋಗಿಬರಬೇಕು. ದೊಡ್ಡ ಹಡಗುಗಳ ಅಧಿಕಾರಕ್ಕೆ ಟನ್ನಿನ ಲೆಕ್ಕವನ್ನು ಕೊಡುವಾಗ ಟಗ್ಗಿನವನಿಗೆ ಟಗ್ಗಿನ ಟನ್ನುಗಳಷ್ಟೇ ಅಲ್ಲ, ಅದು ಎಳೆದ ದೋಣಿಗಳ ಟನ್ನುಗಳೂ ಕೂಡಿ ಎಣಿಕೆಯಾಗುತ್ತದೆ; ನೀರು ಹಾಗೆ ಬೇಡಿದರೆ ಮಾತ್ರ ಕೆಲವು ಪಯಣಗಳನ್ನಾದರೂ 1,600 ಟನ್ ಮೀರಿದ, ಸ್ವಂತ ಎಂಜಿನ್‌ನ ಹಡಗಿನಲ್ಲಿಯೇ ಮಾಡು ಎಂದು ಅಧಿಕಾರಿ ಕೇಳಬಹುದು. ಎಳೆದವನಿಗೆ ಎಳೆದ ಭಾರವೂ ಸಲ್ಲಬೇಕೆಂಬ ಈ ಲೆಕ್ಕ ನ್ಯಾಯವಾದದ್ದು. ಕೊನೆಗೆ ಅಭ್ಯರ್ಥಿಯು ಆ ಮಾರ್ಗದ ನಕ್ಷೆಯನ್ನು ಆಳ, ದೀಪ, ಬಂಡೆಗಳ ಸಮೇತ ನೆನಪಿನಿಂದಲೇ ಬರೆದು ತೋರಿಸಬೇಕು.

ಭಾರತದ ಪ್ರಮುಖ ಬಂದರುಗಳಲ್ಲಿ ಪೈಲಟ್ ಹುದ್ದೆಗೆ ಸಾಮಾನ್ಯವಾಗಿ ವಿದೇಶಯಾನದ ಮಾಸ್ಟರ್ ಪ್ರಮಾಣಪತ್ರವನ್ನು ಕೇಳುತ್ತಾರೆ. 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾದ ಪಣಂಬೂರಿನ ನವಮಂಗಳೂರು ಬಂದರಿನಲ್ಲಿಯೂ ಟಗ್ಗುಗಳು ಹಡಗುಗಳನ್ನು ಧಕ್ಕೆಗೆ ಒತ್ತರಿಸುತ್ತವೆ. ಆ ಟಗ್ಗುಗಳಲ್ಲಿ ಕಳೆದ ವರ್ಷಗಳೂ ನಮ್ಮಲ್ಲಿ ಪೈಲಟ್ ಅರ್ಹತೆಯ ತಕ್ಕಡಿಯಲ್ಲಿ ತೂಗಬೇಕು.

ಇತ್ತ ತುಂಗಭದ್ರೆಯ ದಡದ ಹರಿಹರದಲ್ಲಿ ಕಡವಿನ ಮಹತ್ವ ಇಳಿಯತೊಡಗಿದ್ದು 1868ರಲ್ಲಿ 14 ಕಮಾನುಗಳ ಸೇತುವೆ ಮುಗಿದಾಗ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ಊರಿಗೆ ಊರೇ ನಡೆಸಿದಂತಾಯಿತು. ಆದರೂ ಹರಿಗೋಲು ಮೀನುಗಾರರ ಕೈಯಲ್ಲಿ ಉಳಿಯಿತು. ಇದೇ ನದಿಯ ದಡದ, ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದೊಂದಿಗೆ ಹೆಸರು ಬೆಸೆದಿರುವ ಹನ್ನೆರಡನೆಯ ಶತಮಾನದ ವಚನಕಾರ, ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಡುವ ರೂಢಿಯ ನಡುವೆ, ಅಂಬಿಗರ ಚೌಡಯ್ಯ ಎಂಬ ತನ್ನ ಹೆಸರನ್ನೇ ಕಸುಬಿನ ಸಮೇತ ಅಂಕಿತವಾಗಿ ಇಟ್ಟುಕೊಂಡ. ಹುಟ್ಟು ಹಿಡಿದ ಕೈಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಕನ್ನಡದಲ್ಲಿ ಇನ್ನೊಂದಿಲ್ಲ.

ಹೊಳೆಯಿಲ್ಲದ ದಾವಣಗೆರೆಯ ನಲ್ಲಿಗಳಿಗೆ ಬರುವ ನೀರಿನಲ್ಲಿ ಒಂದು ಪಾಲು ಈ ತುಂಗಭದ್ರೆಯದೇ. ಆ ನಗರದ ಸೆರಗಿನಲ್ಲಿ, ತೋಳಹುಣಸೆಯಲ್ಲಿ, 2009ರಿಂದ ಒಂದು ವಿಶ್ವವಿದ್ಯಾಲಯವೂ ಇದೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ಕಾಗದ ಪೆನ್ಸಿಲು ಹಿಡಿದು ಉಕ್ಕಡಗಾತ್ರಿಯಿಂದ ಚೌಡದಾನಪುರದವರೆಗೆ ದಡದ ಊರುಗಳಿಗೆ ಹೋಗಲಿ, ಹರಿಗೋಲು ನಡೆಸಿ ವಯಸ್ಸಾದವರನ್ನು ಕೂರಿಸಿಕೊಂಡು ಅವರವರ ಕಡವಿನ ಮಡು, ಬಂಡೆ, ಸುಳಿಗಳನ್ನು ನೆನಪಿನಿಂದಲೇ ಬರೆದುಕೊಡುವಂತೆ ಕೇಳಲಿ.