ಹೆಸರಿಗೆ ಒಂದು ಕೂಡಿಸಿದರೆ

ರಾತ್ರಿ ಎರಡೂ ಮುಕ್ಕಾಲು. ಗೋಗಿಯ ನಮ್ಮ ಮನೆಯ ಮಾಳಿಗೆ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ತೊಡೆ ಮೇಲೆ ಲ್ಯಾಪ್‌ಟಾಪು, ಮೈಗೆ ಅವ್ವನ ಹಳೇ ಕೌದಿ. ಕೆಳಗಿನ ಕೋಣೆಯಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ, ಇಲ್ಲಿ ಮೂರು. ಅಂಗಳದಲ್ಲಿ ಕಡಿದು ಒಟ್ಟಿದ ತೊಗರಿಯ ಒಣವಾಸನೆ ಮೇಲಿನವರೆಗೂ ಬರುತ್ತಿದೆ. ದೂರದಲ್ಲಿ ಚಂದಾ ಹುಸೇನಿ ದರ್ಗಾದ ದೀಪ. ಬಿಜಾಪುರದ ಮೊದಲ ಆದಿಲ್‌ಶಾಹ ಯೂಸುಫ್, ಅವನ ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಮಲಗಿರುವುದು ಅಲ್ಲೇ. ಅವರನ್ನು ಎಬ್ಬಿಸುವವರಿಲ್ಲ. ನನಗೆ ಫೋನ್ ಬಂದಿದೆ.

ಯುರೋಪಿನ ಒಂದು ಪಿಂಚಣಿ ಸಂಸ್ಥೆ. ಅಲ್ಲೀಗ ರಾತ್ರಿ ಹತ್ತೂ ಕಾಲು. ಶನಿವಾರ, ಭಾನುವಾರ ಸೇರಿಸಿ ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್ ಮೇಲ್ದರ್ಜೆಗೇರಿಸಿದ್ದಾರೆ. ಇದು ಅದಾದ ಮೇಲಿನ ಮೊದಲ ಬ್ಯಾಚು. ಅವರ ಬೆಳಗಿನ ಏಳಕ್ಕೆ, ಅಂದರೆ ನಮ್ಮ ಹನ್ನೊಂದೂವರೆಗೆ, ಪಾವತಿಯ ಫೈಲು ಬ್ಯಾಂಕಿಗೆ ಮುಟ್ಟಬೇಕು. ಕಪ್ಪು ಪರದೆಯ ಮೇಲಿನ ಹಸಿರು ಅಕ್ಷರದಲ್ಲಿ ಒಂದು ಸಾಲು ಮಾತ್ರ ಕೆಂಪು: ಎಸ್0ಸಿ4.

ನಮ್ಮ ಮಂದಿ ಇದನ್ನು ‘ಸಾಕ್ ಫೋರ್’ ಅನ್ನುತ್ತಾರೆ. ಯಂತ್ರವೇ ಕೈಮುಗಿದು ಸಾಕು ಅಂದ ಹಾಗೆ. ತನ್ನದಲ್ಲದ ಸ್ಮೃತಿಗೆ ಪ್ರೋಗ್ರಾಮು ಕೈ ಹಾಕಿದೆ, ಕೈ ಹಿಡಿದು ಹೊರಗೆ ಹಾಕಿದ್ದಾರೆ ಅಂತ ಅರ್ಥ. ಇದರ ಅಣ್ಣ ‘ಸಾಕ್ ಸೆವೆನ್’ ಬಂದರೆ ಅಂಕಿ ಇರಬೇಕಾದ ಕಡೆ ಅಂಕಿಯಲ್ಲದ್ದು ಕೂತಿದೆ ಎಂದು ತಿಳಿಯಬೇಕು. ಸೆವೆನ್ ಆದರೆ ಅರ್ಧ ತಾಸಿನ ಕೆಲಸ. ಫೋರ್ ಬಂದರೆ ಚಹಾ ಬೇಕು.

ಕಾಲ್‌ನಲ್ಲಿ ಆರು ಜನ. ಒಬ್ಬರ ಕಡೆಯಿಂದ ನಾಯಿ ಬೊಗಳುತ್ತಿದೆ. ‘ಶುಕ್ರವಾರದವರೆಗೂ ಓಡುತ್ತಿತ್ತು, ಪ್ರೋಗ್ರಾಮ್ ಯಾರೂ ಮುಟ್ಟಿಲ್ಲ’ ಎಂದು ಮೂರು ಸಲ ಕೇಳಿದೆ. ಪ್ರತಿ ಅಪ್‌ಗ್ರೇಡಿನ ರಾತ್ರಿಯೂ ಯಾರೋ ಒಬ್ಬರು ಇದನ್ನು ಹೇಳುತ್ತಾರೆ, ಮತ್ತು ಅದು ನಿಜವೇ ಆಗಿರುತ್ತದೆ. ಐಬಿಎಂ 1964ರ ಏಪ್ರಿಲ್ 7ರಂದು ಸಿಸ್ಟಮ್/360 ಘೋಷಿಸಿದಾಗ, ಈ ಸಾಲಿನ ಒಂದು ಯಂತ್ರಕ್ಕೆ ಬರೆದದ್ದು ಇನ್ನೊಂದರಲ್ಲೂ ಓಡುತ್ತದೆ ಎಂದು ಮಾತು ಕೊಟ್ಟಿತ್ತು. ಆ ಮಾತು ಇವತ್ತಿಗೂ ಹೆಚ್ಚುಕಡಿಮೆ ಉಳಿದಿದೆ. ಆದರೆ ಕೊಟ್ಟ ಮಾತು ಮ್ಯಾನ್ಯುಯಲ್‌ನಲ್ಲಿ ಬರೆದದ್ದಕ್ಕೆ ಮಾತ್ರ. ಬರೆಯದೆ ಸುಮ್ಮನೆ ನಡೆದುಕೊಂಡು ಬಂದದ್ದಕ್ಕೆ ಅಲ್ಲ.

ಡಂಪ್ ತೆರೆಯುತ್ತೇನೆ. ಬಿದ್ದ ಕ್ಷಣದಲ್ಲಿ ಸ್ಮೃತಿ ಹೇಗಿತ್ತೋ ಹಾಗೇ ತೆಗೆದ ಪಂಚನಾಮೆ ಅದು. ಎಡಕ್ಕೆ ವಿಳಾಸ, ನಡುವೆ ಹದಿನಾರರ ಲೆಕ್ಕದ ಅಂಕಿಗಳು, ಬಲಕ್ಕೆ ಅದೇ ಬೈಟುಗಳ ಅಕ್ಷರರೂಪ. ಬಿದ್ದ ಜಾಗ 1ಎ3ಎಫ್6, ರುಟೀನು ಶುರುವಾಗುವುದು 1ಎ2ಸಿ0. ಅದೇ ಹದಿನಾರರ ಲೆಕ್ಕದಲ್ಲಿ ಕಳೆದರೆ 136. ಬಿದ್ದಿರುವುದು ಮುಖ್ಯ ಕೋಬಾಲ್ ಪ್ರೋಗ್ರಾಮು ಅಲ್ಲ, ಅದು ಕರೆಯುವ ಒಂದು ಅಸೆಂಬ್ಲರ್ ರುಟೀನು. ಲಿಸ್ಟಿಂಗಿನ ನೆತ್ತಿಯ ಮೇಲೆ 1987 ಎಂದಿದೆ, ಜೊತೆಗೆ ಎರಡಕ್ಷರದ ಸಹಿ. ನಾನಿನ್ನೂ ಹುಟ್ಟಿರಲಿಲ್ಲ.

136ರ ಆಸುಪಾಸಿನಲ್ಲಿ ಸಾಧಾರಣ ಸಾಲುಗಳು. ಒಂದು ಕೌಂಟರಿಗೆ ಒಂದು ಕೂಡಿಸು, ಅದನ್ನು ಐದನೇ ರಿಜಿಸ್ಟರಿಗೆ ತಾ, ಕೋಷ್ಟಕದಲ್ಲಿ ಅಷ್ಟನೇ ಬೈಟು ಓದು. ಮೊದಲ ಸುತ್ತಿನಲ್ಲಿ ಕೌಂಟರು 1 ಇರಬೇಕು. ರಿಜಿಸ್ಟರಿನಲ್ಲಿ ಇರುವುದು ಡಿ5 ಸಿ1 ಡಿ4 ಸಿ6.

ದಶಮಾನಕ್ಕೆ ತಂದರೆ ಮೈನಸ್ 70 ಕೋಟಿ 87 ಲಕ್ಷ ಚಿಲ್ಲರೆ. ಕೋಷ್ಟಕದಲ್ಲಿ ಇರುವುದೇ 40 ಸಾಲು.

‘ಇನ್ನಾ ಕುಂತೀ ಏನೋ?’ ಮೆಟ್ಟಿಲ ಮೇಲೆ ಅವ್ವ. ಕೈಯಲ್ಲಿ ಚಹಾದ ಲೋಟ. ‘ಏನಾಗ್ಯಾದ?’

‘ಏನಿಲ್ಲವ್ವ, ಹಳೇ ಪ್ರೋಗ್ರಾಮ್ ಬಿದ್ದದ.’

‘ಎತ್ತಲಿಕ್ಕ ನೀನೇ ಬೇಕೇನು?’ ಅನ್ನುತ್ತಾ ಪಕ್ಕದಲ್ಲೇ ಕೂತಳು.

ಕೆಲಸದ ಸ್ಮೃತಿಯ ಭಾಗಕ್ಕೆ ಹೋಗಿ ಬಲಗಡೆಯ ಕಾಲಮ್ಮು ನೋಡುತ್ತೇನೆ. ಮೇನ್‌ಫ್ರೇಮಿನ ಅಕ್ಷರಮಾಲೆ ಎಬ್‌ಸಿಡಿಕ್. ಅದರಲ್ಲಿ ಡಿ5 ಅಂದರೆ ಎನ್, ಸಿ1 ಎ, ಡಿ4 ಎಂ, ಸಿ6 ಎಫ್. ಎನ್ ಎ ಎಂ ಎಫ್. ಯಾವ ಭಾಷೆಯ ಪದ ಇದು? ಅದರ ಮುಂದೆ 40, 40, 40 ಎಂದು ಖಾಲಿ ಜಾಗಗಳ ಸಾಲು, ಆಮೇಲೆ ಸ್ಪಷ್ಟವಾಗಿ ‘ಡೇಟ್ ಆಫ್ ಬರ್ತ್’. ಚಹಾ ಎರಡು ಗುಟುಕು ಇಳಿದ ಮೇಲೆ ತಲೆಗೆ ಹೊಳೆಯಿತು. ರುಟೀನು ಆಗಲೇ ಒಂದು ಕೂಡಿಸಿದೆ. ಎಫ್‌ನಿಂದ ಒಂದು ಕಳೆದರೆ ಇ. ಅದು ‘ನೇಮ್’. ಯಾವುದೋ ವರದಿಯ ತಲೆಬರಹ! ಹೆಸರು, ಜನ್ಮದಿನಾಂಕ. ಆ ವರದಿ ಮುದ್ರಿಸುವ ರುಟೀನು ತನ್ನ ಜಾಗ ಬಿಟ್ಟುಕೊಟ್ಟು ಹೋಗಿದೆ, ಅದೇ ಜಾಗ ಇದಕ್ಕೆ ಸಿಕ್ಕಿದೆ, ಇದು ಹೆಸರಿಗೆ ಒಂದು ಕೂಡಿಸಿ ಮುಂದೆ ನಡೆದಿದೆ.

1987ರ ಮಹಾಶಯ ಗೆಟ್‌ಮೇನ್ ಎಂದು ಕೇಳಿ 184 ಬೈಟು ಸ್ಮೃತಿ ಪಡೆದಿದ್ದಾನೆ, ಅದನ್ನು ಸೊನ್ನೆ ಮಾಡಿಲ್ಲ. ಇಷ್ಟು ಸಣ್ಣ ತುಂಡು ಕೇಳಿದಾಗ ಕೊಡುವ ಸ್ಮೃತಿ ಚೊಕ್ಕಟ ಇರುತ್ತದೆ ಎಂದು ವ್ಯವಸ್ಥೆ ಎಲ್ಲೂ ಹೇಳಿಲ್ಲ. ಆದರೆ ಇಷ್ಟು ವರ್ಷ ಇವನ ಪಾಲಿಗೆ ಯಾರೂ ಮುಟ್ಟದ ಹೊಸ ಪುಟವೇ ಬರುತ್ತಿತ್ತು, ಹೊಸ ಪುಟ ಸೊನ್ನೆಯಾಗಿರುತ್ತದೆ.

ಅವ್ವ ಕೇಳುತ್ತಲೇ ಇದ್ದಳು, ಹೇಳಿದೆ. ಲಾವಣಿಗೆ ಹೊಲ ಹಿಡಿದಂಗ ಅವ್ವ. ಇವನಿಗೆ ಪ್ರತಿ ವರ್ಷ ಬೀಳು ಬಿದ್ದ ಹಸನ ಹೊಲಾನೇ ಕೊಡ್ತಿದ್ರು. ಈ ಸಲ ಹತ್ತಿ ಬೆಳೆದ ಹೊಲ ಕೊಟ್ಟಾರ.

‘ಕಟ್ಟಿಗಿ ಕೀಳದ, ಕುಂಟಿ ಹೊಡೀದ ಬಿತ್ತ್ಯಾನೇನು?’ ಅವ್ವನ ದನಿಯಲ್ಲಿ ನಿಜವಾದ ಅಸಹ್ಯ. ‘ಎಂಥಾ ಒಕ್ಕಲುತನ!’

ಕಾಲ್‌ನಲ್ಲಿ ಹೇಳಿದೆ, ಹೊಲದ ಮಾತು ಬಿಟ್ಟು. ಅವರ ಸಿಸ್ಟಮ್ ಪ್ರೋಗ್ರಾಮರಿಗೆ ತಟ್ಟನೆ ನೆನಪಾಯಿತು. 2008ರ ಝೆಡ್/ಒಎಸ್ 1.10ರಲ್ಲೇ ಐಬಿಎಂ ಸ್ಮೃತಿ ಹಂಚುವ ಕ್ರಮ ಬದಲಿಸಿತ್ತು. ಇಂಥ ಪ್ರೋಗ್ರಾಮುಗಳು ಮುಗ್ಗರಿಸಬಹುದೆಂದು ಹಳೇ ಕ್ರಮಕ್ಕೆ ಮರಳಲು ಒಂದು ಸ್ವಿಚ್ಚನ್ನೂ ಇಟ್ಟಿತ್ತು. ಹೆಸರೇ ‘1.9ರ ನಿಯಮ ಬಳಸು’. ಈ ಸಂಸ್ಥೆ ಅಷ್ಟು ವರ್ಷ ಆ ಸ್ವಿಚ್ಚಿನ ನೆರಳಲ್ಲೇ ಬದುಕಿದೆ. ಈ ಸಲ ಹೊಸದಾಗಿ ಅಳವಡಿಸುವಾಗ ಅದು ಆರಿದೆ. ಪರೀಕ್ಷೆಯ ಯಂತ್ರದಲ್ಲಿ ಮಾತ್ರ ಹತ್ತಿಕೊಂಡೇ ಇದೆ, ಅದಕ್ಕೇ ಅಲ್ಲಿ ಏನೂ ಬೀಳಲಿಲ್ಲ.

‘ಹಾಗಾದರೆ ಸ್ವಿಚ್ಚು ಹಾಕಿಬಿಡೋಣ’ ಎಂದರು ಮ್ಯಾನೇಜರು. ಒಂದು ಕಮಾಂಡಿನ ಕೆಲಸ, ತಪ್ಪೂ ಅಲ್ಲ. ನನಗೆ ಮನಸ್ಸಾಗಲಿಲ್ಲ. ಸ್ವಿಚ್ಚು ಹಾಕಿದರೂ ಚೊಕ್ಕಟ ಸ್ಮೃತಿಯ ಖಾತ್ರಿ ಇಲ್ಲ, ಹಳೇ ಅದೃಷ್ಟ ಮರಳುತ್ತದೆ ಅಷ್ಟೇ. ಜೊತೆಗೆ ಓಡುವ ಯಂತ್ರದ ಮೇಲಿನ ಎಲ್ಲರಿಗೂ ನಡುರಾತ್ರಿ ನಿಯಮ ಬದಲಾಗುತ್ತದೆ. ಹತ್ತು ನಿಮಿಷ ಜಗ್ಗಾಡಿದೆವು. ನಮ್ಮ ಪುಣ್ಯ, ರುಟೀನನ್ನು ಕೋಬಾಲ್ ಪ್ರೋಗ್ರಾಮಿನೊಳಗೆ ಹೊಲಿದಿರಲಿಲ್ಲ, ಓಡುವಾಗಲೇ ಕರೆಸಿಕೊಳ್ಳುತ್ತಿತ್ತು. ಒಂದೇ ಮಾಡ್ಯೂಲು ಬದಲಿಸಿದರೆ ಮುಗಿಯಿತು.

ಗೆಟ್‌ಮೇನ್ ಕೆಳಗೆ ಒಂದೇ ಸಾಲು ಸೇರಿಸುತ್ತೇನೆ. ಎಕ್ಸ್‌ಸಿ, ಆ ಜಾಗವನ್ನು ಅದರೊಂದಿಗೇ ಹೋಲಿಸಿ ಒಂದೇ ಆಗಿರುವ ಬಿಟ್ಟುಗಳನ್ನೆಲ್ಲ ಸೊನ್ನೆ ಮಾಡುವ ಆಜ್ಞೆ. ತನಗೆ ತಾನೇ ಹೋಲಿಸಿದರೆ ಎಲ್ಲವೂ ಒಂದೇ, ಹಾಗಾಗಿ ಎಲ್ಲವೂ ಸೊನ್ನೆ. ಒಂದೇಟಿಗೆ 256 ಬೈಟಿನವರೆಗೆ ಗುಡಿಸುತ್ತದೆ. ನಮ್ಮದು 184.

ಬೆರಳು ಸೆಟೆದಿವೆ. ಜೋಡಿಸು, ಲಿಂಕ್ ಮಾಡು, ಒಪ್ಪಿಗೆಗೆ ಕಾಯಿ. ಒಪ್ಪಿಗೆಗೇ ಐವತ್ತು ನಿಮಿಷ ಹೋಯಿತು. ಬಿದ್ದ ಹಂತದಿಂದ ಜಾಬು ಮತ್ತೆ ಶುರು. ಅವ್ವ ಕೌದಿಯ ಒಂದು ಚುಂಗು ಎಳೆದುಕೊಂಡು ಗೋಡೆಗೆ ಒರಗಿ ನಿದ್ದೆ ಹೋಗಿದ್ದಾಳೆ. ದರ್ಗಾದ ಕಡೆಯಿಂದ ಬೆಳಗಿನ ಆಜಾನು ಏಳುವ ಹೊತ್ತಿಗೆ ಪರದೆಯ ಮೇಲೆ ರಿಟರ್ನ್ ಕೋಡ್ 0000.

ಕಾಲ್‌ನಲ್ಲಿ ಥ್ಯಾಂಕ್ಸ್‌ಗಳು, ಒಬ್ಬೊಬ್ಬರೇ ಹೊರಟರು. ನಾನು ಮಲಗಬಹುದಿತ್ತು. ಆದರೂ ಆ ಎರಡಕ್ಷರದ ಸಹಿಯನ್ನು ಇಡೀ ಲೈಬ್ರರಿಯಲ್ಲಿ ಹುಡುಕಲು ಹಾಕಿದೆ. ಹನ್ನೊಂದು ಕಡೆ ಸಿಕ್ಕಿತು. ಮೊದಲನೆಯದನ್ನು ತೆರೆದೆ. ಗೆಟ್‌ಮೇನ್ ಇದೆ, ಅದರ ಕೆಳಗಿನ ಸಾಲಿನಲ್ಲಿ ನೇರ ಕೆಲಸ ಶುರುವಾಗಿದೆ.

‘ಅವ್ವ,’ ಎಂದೆ, ‘ಇನ್ನೊಂದು ಲೋಟ ಚಹಾ.’