ದುಬೈಯಲ್ಲಿ ಒಂದು ಭಾನುವಾರ

ದುಬೈ ಎಂದೊಡನೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ಚಿನ್ನದ ಅಂಗಡಿಗಳ ಸಾಲು, 828 ಮೀಟರ್ ಎತ್ತರದ ಬುರ್ಜ್ ಖಲೀಫಾ. ಮಗನ ಮನೆಗೆಂದು ಹೋಗಿ ಎರಡು ತಿಂಗಳು ಅಲ್ಲಿದ್ದ ನಾವೂ ಅವೆಲ್ಲವನ್ನೂ ನೋಡಿ ಬೆರಗಾದೆವು. ಆದರೆ ಊರಿಗೆ ಮರಳಿದ ಮೇಲೆ ಮನದಲ್ಲಿ ನಿಂತದ್ದು ಆ ವೈಭವವಲ್ಲ. ಎದುರು ಮನೆಯ ಫಿಲಿಪ್ಪೀನ್ಸ್ ದೇಶದ ಕುಟುಂಬವೊಂದರ ಜೊತೆಯಲ್ಲಿ ಕಳೆದ ಅಕ್ಟೋಬರ್ ತಿಂಗಳ ಒಂದು ಭಾನುವಾರ.

ಒಂದು ಮಗ್ಗುಲಲ್ಲಿ ಮರಳುಗಾಡು, ಇನ್ನೊಂದು ಮಗ್ಗುಲಲ್ಲಿ ಕಡಲು. ಇವೆರಡರ ನಡುವೆ ಬೆಳೆದ ಪಟ್ಟಣ ದುಬೈ. ಕಡಲಿನ ತೋಳೊಂದು ಊರೊಳಗೆ ಚಾಚಿಕೊಂಡು ದೇರಾ ಮತ್ತು ಬರ್ ದುಬೈ ಎಂಬ ಎರಡು ದಡಗಳನ್ನು ಮಾಡಿದೆ. ಅದನ್ನು ಕ್ರೀಕ್ ಎಂದು ಕರೆಯುತ್ತಾರೆ. 1966ರಲ್ಲಿ ತೈಲ ದೊರೆಯುವ ಮೊದಲು ಮುತ್ತು, ಮೀನು, ಹಡಗಿನ ವ್ಯಾಪಾರಗಳೇ ಇಲ್ಲಿನವರ ಜೀವನಾಧಾರವಾಗಿದ್ದವು. ಇಂದು ಇಲ್ಲಿ ವಾಸಿಸುವವರಲ್ಲಿ ಹೆಚ್ಚಿನವರು ಹೊರದೇಶಗಳಿಂದ ದುಡಿಯಲು ಬಂದವರು. ಅವರಲ್ಲಿ ಫಿಲಿಪ್ಪೀನ್ಸಿನವರ ಸಂಖ್ಯೆ ಬಹು ದೊಡ್ಡದು. 1974ರ ಕಾರ್ಮಿಕ ಸಂಹಿತೆಯ ಮೂಲಕ ತನ್ನ ಜನರನ್ನು ಹೊರನಾಡಿನ ಕೆಲಸಕ್ಕೆ ಕಳುಹಿಸುವ ವ್ಯವಸ್ಥೆಯನ್ನು ಆ ದೇಶದ ಸರ್ಕಾರವೇ ರೂಪಿಸಿತು. 2023ರಲ್ಲಿ ಹೊರನಾಡಿನಲ್ಲಿ ದುಡಿಯುವವರು ಅಲ್ಲಿಗೆ ಕಳುಹಿಸಿದ ಹಣ ಸುಮಾರು 3,700 ಕೋಟಿ ಡಾಲರ್!

ಈ ದೊಡ್ಡ ಲೆಕ್ಕದೊಳಗಿನ ಒಂದು ಚಿಕ್ಕ ಮನೆ ನಮ್ಮ ನೆರೆಯವರದು. ತಾಯಿ ಚಿಕಿತ್ಸಾಲಯವೊಂದರಲ್ಲಿ ದಾದಿ. ತಂದೆ ಹೋಟೆಲಿನ ಅಡುಗೆಮನೆಯಲ್ಲಿ ನೌಕರ. ಏಳು ವರ್ಷದ ಮಗ ಜೊತೆಯಲ್ಲಿದ್ದಾನೆ. ಹದಿಮೂರು ವರ್ಷದ ಮಗಳು ಪನಾಯ್ ದ್ವೀಪದ ಇಲೋಯಿಲೋ ಪಟ್ಟಣದಲ್ಲಿ ಅಜ್ಜಿಯ ಬಳಿ ಓದುತ್ತಿದ್ದಾಳೆ. ದುಬೈಯಲ್ಲಿ ಹೊರದೇಶದ ಮಕ್ಕಳು ಸಾಮಾನ್ಯವಾಗಿ ಖಾಸಗಿ ಶಾಲೆಗೇ ಹೋಗಬೇಕು. ಇಬ್ಬರ ಶುಲ್ಕವನ್ನು ಭರಿಸುವುದು ಇವರಿಂದ ಆಗದ ಮಾತು. ಎರಡು ಕೋಣೆಗಳ ಮನೆಯಲ್ಲಿ ಒಂದನ್ನು ತಾಯಿಯ ತಂಗಿಗೆ ಬಿಟ್ಟು ಬಾಡಿಗೆಯ ಭಾರವನ್ನು ಹಂಚಿಕೊಂಡಿದ್ದರು.

ಈ ನಾಡಿನಲ್ಲಿ ವಾರದ ರಜೆಗೂ ಒಂದು ಚರಿತ್ರೆಯಿದೆ. 2006ರವರೆಗೆ ಸರ್ಕಾರಿ ಕಚೇರಿಗಳಿಗೆ ಗುರುವಾರ, ಶುಕ್ರವಾರ ರಜೆ. ಅನಂತರ ಶುಕ್ರವಾರ, ಶನಿವಾರ. 2022ರ ಜನವರಿಯಿಂದ ಶುಕ್ರವಾರ ಅರ್ಧ ದಿನ, ಶನಿವಾರ ಮತ್ತು ಭಾನುವಾರ ಪೂರ್ತಿ. ಆದರೆ ರೋಗಿಗೂ ಹಸಿದವನಿಗೂ ರಜೆಯೆಂಬುದಿಲ್ಲವಷ್ಟೆ! ದಾದಿಗೂ ಅಡುಗೆಯವನಿಗೂ ಬಿಡುವು ಸರದಿಯಂತೆ ಬರುವುದು. ಸಹೋದ್ಯೋಗಿಗಳೊಡನೆ ಸರದಿಯನ್ನು ಅದಲುಬದಲು ಮಾಡಿಕೊಂಡರೆ ತಿಂಗಳಿಗೊಮ್ಮೆ ಗಂಡಹೆಂಡಿರಿಬ್ಬರಿಗೂ ಒಂದೇ ಭಾನುವಾರ ಒದಗುತ್ತಿತ್ತು. ಆ ದಿನಕ್ಕೆ ನಮ್ಮನ್ನು ಕರೆದರು.

ಬೆಳಗ್ಗೆ ಅಲ್ ರಿಗ್ಗಾದಲ್ಲಿ ಚಾಲಕನಿಲ್ಲದ ಮೆಟ್ರೋ ಹತ್ತಿ, ಯೂನಿಯನ್ ನಿಲ್ದಾಣದಲ್ಲಿ ಬದಲಾಯಿಸಿ ಔದ್ ಮೇಥಾಕ್ಕೆ ಹೋದೆವು. ಅಲ್ಲಿ ಸಂತ ಮೇರಿಯ ಚರ್ಚಿದೆ. ಇಸ್ಲಾಂ ರಾಜ್ಯಧರ್ಮವಾಗಿರುವ ಈ ನಾಡಿನಲ್ಲಿ ದೊರೆ ಶೇಖ್ ರಶೀದ್ ಅವರು ಕೊಟ್ಟ ನೆಲದ ಮೇಲೆ 1967ರಲ್ಲಿ ಈ ಚರ್ಚಿನ ಮೊದಲ ಕಟ್ಟಡ ಎದ್ದಿತು. ಈಗಿರುವ ದೊಡ್ಡ ಕಟ್ಟಡ 1989ರದು. ಹಿಂದೆ ಶುಕ್ರವಾರವೇ ರಜೆಯಾಗಿದ್ದುದರಿಂದ ಜನಸಾಗರ ನೆರೆಯುತ್ತಿದ್ದುದೂ ಅಂದೇ. “ಹಲವು ವರ್ಷ ಶುಕ್ರವಾರವೇ ನಮ್ಮ ಭಾನುವಾರವಾಗಿತ್ತು” ಎಂದು ಆ ತಾಯಿ ನಕ್ಕರು. ಅವರು ಒಳಗೆ ಪ್ರಾರ್ಥನೆಯಲ್ಲಿದ್ದಾಗ ನಾವು ಅಂಗಳದ ನೆರಳಿನಲ್ಲಿ ಕುಳಿತೆವು. ಅಲ್ಲಿ ಟಗಾಲಾಗ್, ಮಲಯಾಳಂ, ತಮಿಳು, ಅರಬ್ಬಿ ಹೀಗೆ ಹಲವು ಭಾಷೆಗಳಲ್ಲಿ ಪೂಜೆ ನಡೆಯುತ್ತದೆ. ಕೊಂಕಣಿಯ ಪೂಜೆಯೂ ಉಂಟು. ಮಂಗಳೂರಿನ ಹೆಣ್ಣುಮಗಳೊಬ್ಬರು ನಮ್ಮ ಸೀರೆ, ಮಾತುಗಳನ್ನು ಗುರುತಿಸಿ ಕನ್ನಡದಲ್ಲಿ ಕುಶಲ ವಿಚಾರಿಸಿದಾಗ ಜೀವಕ್ಕೆ ತಂಪೆನಿಸಿತು.

ಮಧ್ಯಾಹ್ನ ಅವರ ಮನೆಯಲ್ಲಿ ಊಟ. ಬಾಗಿಲಲ್ಲಿ ಆ ಬಾಲಕ ನನ್ನ ಕೈಯನ್ನು ತೆಗೆದುಕೊಂಡು ತನ್ನ ಹಣೆಗೆ ಒತ್ತಿಕೊಂಡ. ಇದು ಹಿರಿಯರಿಂದ ಆಶೀರ್ವಾದ ಪಡೆಯುವ ಅವರ ರೀತಿ. ಇದಕ್ಕೆ ‘ಮಾನೋ’ ಎಂದು ಹೆಸರು. ಟಗಾಲಾಗಿನಲ್ಲಿ ದೊಡ್ಡವರೊಡನೆ ಮಾತನಾಡುವಾಗ ‘ಪೋ’ ಎಂಬ ಗೌರವದ ಶಬ್ದವನ್ನು ಸೇರಿಸುವರಂತೆ. ನಮ್ಮ ಉತ್ತರ ಕರ್ನಾಟಕದ ‘ರೀ’ ನೆನಪಾಗಿ ನನ್ನ ಯಜಮಾನರು ನಕ್ಕರು. ಗೆಳೆಯರ ಎರಡು ಕುಟುಂಬಗಳು ಒಂದೊಂದು ಪಾತ್ರೆ ಹೊತ್ತು ಬಂದಿದ್ದವು. ನಾವು ಶಾಕಾಹಾರಿಗಳೆಂದು ತಿಳಿದಿದ್ದ ಆ ತಂದೆ, ‘ಪನ್ಸಿತ್’ ಎಂಬ ಶಾವಿಗೆಯ ಭಕ್ಷ್ಯವನ್ನು ಬರೀ ತರಕಾರಿ ಹಾಕಿ ಬೇರೆ ಪಾತ್ರೆಯಲ್ಲಿ, ಬೇರೆ ಎಣ್ಣೆಯಲ್ಲಿ ಮಾಡಿದ್ದರು. ವಾರವೆಲ್ಲ ಪರರಿಗೆ ಅಡುಗೆ ಮಾಡಿ ದಣಿದ ಕೈ ಬಿಡುವಿನ ದಿನವೂ ಅತಿಥಿಗಾಗಿ ಒಲೆ ಹಚ್ಚಿತ್ತು. ಊಟದ ತರುವಾಯ ಹಾಡು. ದೂರದರ್ಶನದ ಪರದೆಯ ಮೇಲೆ ಸಾಲುಗಳು ಮೂಡಿದಂತೆ ಒಬ್ಬೊಬ್ಬರೇ ಹಾಡಿದರು. ಯಾರಿಗೂ ಸಂಕೋಚವಿಲ್ಲ, ಅಪಸ್ವರಕ್ಕೂ ಚಪ್ಪಾಳೆ!

ಕೋಣೆಯ ಮೂಲೆಯಲ್ಲಿ ಸೊಂಟದೆತ್ತರದ ರಟ್ಟಿನ ಪೆಟ್ಟಿಗೆಯೊಂದಿತ್ತು. ‘ಬಾಲಿಕ್‌ಬಾಯನ್’ ಎಂದರೆ ತಾಯ್ನಾಡಿಗೆ ಮರಳುವವನು. ಮರಳಲಾಗದ ವರ್ಷ ಆತನ ಬದಲಿಗೆ ಈ ಪೆಟ್ಟಿಗೆ ಹಡಗಿನಲ್ಲಿ ಹೋಗುತ್ತದೆ. ಬಾಡಿಗೆ ಪೆಟ್ಟಿಗೆಯ ಅಳತೆಗೆ, ತೂಕಕ್ಕಲ್ಲ. ಆದುದರಿಂದ ಸಂದುಗೊಂದು ಬಿಡದೆ ತುಂಬುವರು: ಸಾಬೂನು, ಟವೆಲು, ಕಾಫಿಪುಡಿ, ಚಾಕೊಲೇಟು, ಡಬ್ಬಿಯ ಆಹಾರ. ವಾರಗಟ್ಟಲೆಯ ಸಮುದ್ರಯಾನವಾದ್ದರಿಂದ ಕ್ರಿಸ್‌ಮಸ್‌ಗೆ ತಲುಪಬೇಕಾದರೆ ಅಕ್ಟೋಬರಿನಲ್ಲೇ ಹೊರಡಬೇಕು. 2016ರ ಕಾನೂನಿನಂತೆ ಒಂದೂವರೆ ಲಕ್ಷ ಪೆಸೊ ಮೌಲ್ಯದವರೆಗಿನ ಇಂತಹ ಸಾಮಗ್ರಿಗೆ ಅಲ್ಲಿ ಸುಂಕವಿಲ್ಲ. ಎಲ್ಲಕ್ಕಿಂತ ಮೇಲೆ, ಮೆತ್ತನೆಯ ಕಾಗದದಲ್ಲಿ ಸುತ್ತಿದ ಬಿಳಿಯ ಬೂಟುಗಳ ಜೋಡಿಯೊಂದಿತ್ತು, ಮಗಳಿಗೆಂದು.

ಸಂಜೆ ಬಿಸಿಲು ಇಳಿದ ಮೇಲೆ ಕ್ರೀಕಿನ ದಡಕ್ಕೆ ನಡೆದೆವು. ಒಂದು ದಿರ್ಹಮ್ ಕೊಟ್ಟರೆ ‘ಅಬ್ರಾ’ ಎಂಬ ಮರದ ದೋಣಿ ಆಚೆ ದಡಕ್ಕೆ ದಾಟಿಸುತ್ತದೆ. ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಬಾಲಕ ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ಎರಡು ಸಲ ದಾಟಿದ. ಕೋಟ್ಯಧಿಪತಿಗಳ ಈ ಊರಿನಲ್ಲಿ ಇಷ್ಟು ಅಗ್ಗದ ಆನಂದ ಬೇರೊಂದಿಲ್ಲವೆಂದು ತಂದೆ ಹೇಳಿದರು.

ದಡದ ಕಟ್ಟೆಯ ಮೇಲೆ ಕುಳಿತು ದೂರವಾಣಿಯ ಪರದೆಯಲ್ಲಿ ಮಗಳನ್ನು ಕರೆದರು. ಇಲ್ಲಿ ಆರು ಗಂಟೆಯಾದರೆ ಅಲ್ಲಿ ರಾತ್ರಿ ಹತ್ತು. ಅಜ್ಜಿ ತಮ್ಮ ಊರಿನ ಹಿಲಿಗೈನೋನ್ ಭಾಷೆಯಲ್ಲಿ ಏನೋ ಕೇಳಿದರು. ಬಾಲಕ ಇಂಗ್ಲಿಷಿನಲ್ಲಿ ಉತ್ತರಿಸಿದ. ತಾಯಿ ಇಬ್ಬರ ನಡುವೆ ದುಭಾಷಿಯಾದರು. ಬಳಿಕ ಬೂಟಿನ ಮಾತು ಬಂದಿತು. ಮೂವತ್ತಾರರ ಅಳತೆಯದೆಂದು ತಾಯಿ ಸಂಭ್ರಮದಿಂದ ತಿಳಿಸಿದರು. ಆ ಕಡೆ ಕ್ಷಣಕಾಲ ಮೌನ. “ಅಮ್ಮಾ, ಈಗ ನನಗೆ ಮೂವತ್ತೆಂಟು ಬೇಕು” ಎಂದಳಂತೆ ಮಗಳು. ತಾಯಿ ನಗುತ್ತಲೇ ಮಾತು ಮುಗಿಸಿದರು. ಅನಂತರ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ ಹೇಳಿದರು: “ಹಿಂದೆ ಮಕ್ಕಳ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಈಗ ದಿನವೂ ಮುಖ ಕಾಣುತ್ತದೆ, ಪಾದ ಕಾಣುವುದಿಲ್ಲ.”

ನನಗೆ ಉತ್ತರ ತೋಚಲಿಲ್ಲ. ಮಗನಿಗಾಗಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಗಳನ್ನು ಕಟ್ಟಿಕೊಂಡು ವಿಮಾನ ಹತ್ತಿದವಳು ನಾನು. ಅವನು ಈಗ ಹಿಂಡಿಯನ್ನು ಅಷ್ಟಾಗಿ ಮುಟ್ಟುವುದಿಲ್ಲವೆಂದು ತಿಳಿದದ್ದು ಬಂದ ಎರಡನೆಯ ವಾರ. ನಮ್ಮ ಗಂಟು ಊರಿನಿಂದ ಹೊರಟಿತ್ತು, ಅವರ ಪೆಟ್ಟಿಗೆ ಊರಿಗೆ ಹೊರಟಿತ್ತು. ಒಳಗಿದ್ದುದು ಮಾತ್ರ ಒಂದೇ.

ಮರುದಿನ ಕೆಲಸ ಮುಗಿಸಿ ಆಕೆ ಅಂಗಡಿಗೆ ಹೋಗಿ ಬೂಟು ಬದಲಾಯಿಸಿ ತಂದರು. ಆ ರಾತ್ರಿ ಪೆಟ್ಟಿಗೆಗೆ ಅಂಟುಪಟ್ಟಿ ಬಿಗಿಯುವಾಗ ನಾವೂ ಒಂದು ಕೈ ಹಿಡಿದೆವು. ಇಲ್ಲಿ ಉದ್ಯೋಗವಿರುವವರೆಗೆ ಮಾತ್ರ ನೆಲೆ. ಅದು ಮುಗಿದರೆ ಮರಳಲೇಬೇಕು. ಅಷ್ಟರೊಳಗೆ ಮಗಳ ಓದು ಮುಗಿಯಬೇಕು, ಊರಿನಲ್ಲೊಂದು ಮನೆ ಏಳಬೇಕು. ಬಿಡುವೆಂದರೆ ವಿಹಾರ, ವಿನೋದವೆಂದು ನಾವು ಭಾವಿಸುತ್ತೇವೆ. ಆ ಕುಟುಂಬಕ್ಕೆ ಬಿಡುವೆಂದರೆ ಚದುರಿದ ಮನೆಯನ್ನು ಒಂದು ದಿನದ ಮಟ್ಟಿಗೆ ಕೂಡಿಸಿಕೊಳ್ಳುವ ಕೆಲಸ. ಮಕ್ಕಳನ್ನು ದೂರದೂರಿಗೆ ಕಳುಹಿಸಿರುವ ತಂದೆತಾಯಿಗಳು ನಮ್ಮಲ್ಲಿಯೂ ಮನೆಮನೆಗೂ ಇದ್ದಾರೆ. ಮುಂದಿನ ಸಲ ಅವರೊಡನೆ ಮಾತನಾಡುವಾಗ, ಊಟವಾಯಿತೇ ಎಂದು ಕೇಳುವುದರ ಜೊತೆಗೆ, ಈಗ ಏನು ಇಷ್ಟ ಎಂದೂ ಒಮ್ಮೆ ಕೇಳೋಣ.